ಗೋಧಿ ಬಿಯರಿನ ಪಂಚನಾಮೆ

ಆ ವಾರ ಮೂರನೇ ಸಲ ಮನೆ ಮಾಲೀಕ ಸಿದ್ದಯ್ಯನವರು ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲ ಹೊರಗೆ ನಿಂತರು. ಬಡಿಯಲಿಲ್ಲ. ಬಾಗಿಲಿನ ಕೆಳಗಿನ ಸಂದಿಯಲ್ಲಿ ಅವರ ಕಾಲಿನ ನೆರಳು ಕಾಣುತ್ತಿತ್ತು. ಒಳಗೆ ನಾನು ಹೇರಳೆಕಾಯಿ ಸಿಪ್ಪೆಯ ತಟ್ಟೆ ಹಿಡಿದು ಉಸಿರು ಬಿಡದೆ ನಿಂತಿದ್ದೆ. ಎರಡು ನಿಮಿಷ ಕಳೆದ ಮೇಲೆ ನೆರಳು ಇಳಿದು ಹೋಯಿತು.

"ಅವರಿಗೆ ಗೊತ್ತಾಗಿದೆ," ಎಂದೆ.

"ಗೊತ್ತಾಗಿದ್ರೆ ಸುಮ್ನೆ ನಿಂತು ಹೋಗ್ತಿದ್ರಾ?" ಎಂದಳು ನನ್ನ ಹೆಂಡತಿ ಸುಮನಾ. ಆದರೆ ಅವಳೂ ಪಿಸುಗುಟ್ಟಿಯೇ ಹೇಳಿದ್ದಳು.

ಶಿವಮೊಗ್ಗದ ಹೊಸಮನೆ ಬಡಾವಣೆಯ ಈ ಮೇಲಂತಸ್ತಿಗೆ ಬಾಡಿಗೆಗೆ ಬಂದು ಒಂದು ವರ್ಷ. ಚಿಕ್ಕ ಕೋಣೆಯಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇದೆ. ಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಸ್ವಲ್ಪ ಜವೆಗೋಧಿ ಸೇರಿಸಿ ಬೇಯಿಸಿದ ರಸ ಅದರೊಳಗೆ ಹುದುಗೇಳುತ್ತದೆ. ಮುಚ್ಚಳದಿಂದ ಹೊರಟ ಪೈಪಿನ ತುದಿ ಪಕ್ಕದ ನೀರಿನ ಬಾಟಲಿಯಲ್ಲಿ ಮುಳುಗಿದೆ. ಹುದುಗಿನ ಗಾಳಿ ಅಲ್ಲಿಂದ ಗುಳುಕ್ ಎಂದು ಹೊರಬರುತ್ತದೆ. ಸದ್ದು ನಿಧಾನವಾದ ಮೇಲೆಯೇ ಸಿಪ್ಪೆ ಹಾಕಬೇಕು, ಇಲ್ಲದಿದ್ದರೆ ಪರಿಮಳವೆಲ್ಲ ಆ ಗಾಳಿಯ ಜೊತೆ ಹೊರಟುಹೋಗುತ್ತದೆ. ಇದು ನನ್ನ ಮೂರನೇ ಬಿಯರು. ಮೊದಲೆರಡು ಕಹಿಯಾಗಿದ್ದವು.

ಮನೆಯ ಮಾಲೀಕರು ಮೂವತ್ತೊಂದು ವರ್ಷ ಅಬಕಾರಿ ಇಲಾಖೆಯಲ್ಲಿ ಗಾರ್ಡ್ ಆಗಿದ್ದವರು ಎಂದು ನನಗೆ ತಿಳಿದದ್ದು ಮೊದಲನೆಯದನ್ನು ಕುಡಿದು ಮುಗಿಸಿದ ಮೇಲೆ. ಆಗಲೇ ನಿಲ್ಲಿಸಬಹುದಿತ್ತು. ಈಗ ಸುಮನಾ ಸರ್ಕಾರಿ ಹೈಸ್ಕೂಲಿನ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ, ಪೊಲೀಸ್ ವೆರಿಫಿಕೇಶನ್ ಬಾಕಿ ಇದೆ. ಕಾನ್‌ಸ್ಟೇಬಲ್ ಬಂದು ಮೊದಲು ವಿಚಾರಿಸುವುದು ಮನೆ ಮಾಲೀಕರನ್ನೇ. ಅವರ ಒಂದು ಮಾತಿಗೆ ಅವಳ ಆರು ವರ್ಷದ ಓದು ಮಣ್ಣಾಗಬಹುದು. ಚೆಲ್ಲಿಬಿಡು ಎಂದಿದ್ದಳು. ಇದೊಂದು ಮುಗಿಯಲಿ ಎಂದಿದ್ದೆ.

ಕಳೆದ ತಿಂಗಳು ಸಿದ್ದಯ್ಯನವರು ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿದ್ದರು.

"ಮೇಲೆ ಅಕ್ವೇರಿಯಂ ಇಟ್ಟಿದೀಯೇನಪ್ಪ?"

"ಇಲ್ಲ ಅಂಕಲ್."

"ನೀರಿನ ಪಂಪು, ಗಿಂಪು?"

"ಏನೂ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೇಳದೆಯೇ ಹಳೆಯ ಕತೆ ತೆಗೆದರು. ಬೆಲ್ಲ, ತೊಗಟೆ ಹಾಕಿ ಹುಳಿ ಬರಿಸಿದ ನೀರಿಗೆ ಅವರ ಇಲಾಖೆಯಲ್ಲಿ ಕೊಳೆ ಅನ್ನುತ್ತಾರೆ. ಅದನ್ನೇ ಭಟ್ಟಿ ಇಳಿಸುವುದು. "ಮಡಕೇಲಿ ಹಾಕಿ ಹೂತಿಡೋರು. ವಾಸನೆ ಬರದ ಹಾಗೆ ಮೇಲೆ ಗೊಬ್ಬರ ಸುರಿಯೋರು. ಮೂಗಿಗೆ ಮೋಸ ಮಾಡ್ಬಹುದು ಕಣಪ್ಪ, ಕಿವಿಗೆ ಆಗಲ್ಲ. ನೆಲಕ್ಕೆ ಕಿವಿ ಕೊಟ್ರೆ ಕೊಳೆ ತಾನೇ ಮಾತಾಡುತ್ತೆ."

ನನ್ನ ಚಿಕ್ಕ ಕೋಣೆಯ ಸರಿಯಾಗಿ ಕೆಳಗೆ ಅವರ ಮಂಚವಿದೆ.

ಗುರುವಾರ ಮಧ್ಯಾಹ್ನ ಭದ್ರಾವತಿಯಲ್ಲಿ ಅವರನ್ನು ಕಂಡೆ. ನಾನು ಅಲ್ಲಿನ ಫೌಂಡ್ರಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವನು, ಊಟಕ್ಕೆ ಹೊರಗೆ ಬಂದಿದ್ದೆ. ಸಿದ್ದಯ್ಯನವರೂ ಅವರ ಹೆಂಡತಿ ಶಕುಂತಲಮ್ಮನವರೂ ಶಿವಮೊಗ್ಗದ ಬಸ್ಸಿನಿಂದ ಇಳಿದರು. ಸಿದ್ದಯ್ಯನವರ ಕೈಯಲ್ಲಿ ಒಂದು ಫೈಲು. ಹಳೆಯ ಸಹೋದ್ಯೋಗಿಗೆ ದೂರು ಕೊಡಲು ಬಂದಿದ್ದಾರೆ, ಶಿವಮೊಗ್ಗದಲ್ಲಾದರೆ ನನಗೆ ಸುಳಿವು ಸಿಗುತ್ತದೆಂದು ಇಲ್ಲಿಗೆ ಬಂದಿದ್ದಾರೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ತೀರ್ಮಾನಿಸಿ ಹಿಂದೆ ಹಿಂದೆ ನಡೆದೆ. ಅವರು ಹೋದದ್ದು ಹಳೇ ನಗರದ ಒಂದು ಕ್ಲಿನಿಕ್ಕಿಗೆ. ನರ ಮತ್ತು ಮಾನಸಿಕ ರೋಗ ತಜ್ಞರು ಎಂದು ಬೋರ್ಡಿತ್ತು.

ನಾನು ತಿರುಗುವ ಮೊದಲೇ ಹೊರಗಿನ ಬೆಂಚಿನಲ್ಲಿದ್ದ ಶಕುಂತಲಮ್ಮ ನನ್ನನ್ನು ನೋಡಿದರು.

"ನಿರಂಜನ, ಯಾರಿಗೂ ಹೇಳ್ಬೇಡ ಮಾರಾಯ. ಗೊತ್ತಿರೋರು ಸಿಗಬಾರ್ದು ಅಂತಾನೇ ಇಲ್ಲಿಗೆ ಬಂದಿದ್ದು." ಸೆರಗು ಬಾಯಿಗೆ ತಂದುಕೊಂಡರು. "ಇವರಿಗೆ ಕೊಳೆ ಕುದಿಯೋ ಸದ್ದು ಕೇಳ್ಸುತ್ತಂತೆ. ಮಲಗಿದ್ರೆ ಸಾಕು, ಗುಳುಕ್ ಗುಳುಕ್. ನಂಗೆ ಕಿವಿ ಮಂದ, ಏನೂ ಕೇಳ್ಸಲ್ಲ. ನಿನ್ನನ್ನ ಕೇಳಿದ್ರಂತಲ್ಲ? ಪಂಪೂ ಇಲ್ಲ, ಏನೂ ಇಲ್ಲ ಅಂದ್ಯಂತೆ. ಅವತ್ತಿಂದ ತಮಗೇ ತಲೆ ಕೆಟ್ಟಿದೆ ಅಂತ ಕೂತಿದಾರೆ. ನಿಮ್ಮ ಬಾಗಿಲ ತನಕ ಬರ್ತಾರೆ, ಕೇಳಕ್ಕೆ ಹೆದ್ರಿ ವಾಪಸ್ ಬರ್ತಾರೆ."

ಸಂಜೆ ಬಸ್ಸಿನಲ್ಲಿ ಇದೂ ಒಂದು ಬಲೆ ಇರಬಹುದೇ ಎಂದು ಯೋಚಿಸಿದೆ. ಮೂವತ್ತೊಂದು ವರ್ಷ ಕಳ್ಳರ ಬಾಯಿ ಬಿಡಿಸಿದವರು. ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸುವುದು ಎಷ್ಟರ ಮಾತು?

ಸುಮನಾ ಪೂರ್ತಿ ಕೇಳಿಸಿಕೊಂಡಳು. "ಹೇಳ್ಬಿಡು."

"ನಿನ್ನ ಕೆಲಸ?"

"ನಿನ್ನ ಬಿಯರಿಗೋಸ್ಕರ ಅವರು ಮಾತ್ರೆ ನುಂಗ್ಬೇಕಾ? ಹೇಳು. ಕೇಸ್ ಹಾಕಿದ್ರೆ ಆಮೇಲೆ ನಿನ್ನನ್ನ ನಾನು ನೋಡ್ಕೋತೀನಿ."

ಶುಕ್ರವಾರ ಬೆಳಿಗ್ಗೆ ಸಿದ್ದಯ್ಯನವರನ್ನು ಮೇಲೆ ಕರೆದೆ. ಚಿಕ್ಕ ಕೋಣೆಯ ಬಾಗಿಲು ತೆಗೆದೆ. ಅವರು ಕ್ಯಾನನ್ನು ನೋಡಿದರು, ಗೋಡೆ ಹಿಡಿದು ಮಂಡಿಯೂರಿದರು, ಪ್ಲಾಸ್ಟಿಕ್ಕಿಗೆ ಕಿವಿ ಒತ್ತಿ ಕಣ್ಣು ಮುಚ್ಚಿದರು.

"ಏನು ಹಾಕಿದೀಯ?"

"ಗೋಧಿ, ಜವೆಗೋಧಿ, ಕೊತ್ತಂಬರಿ ಬೀಜ. ಮೊನ್ನೆ ಹೇರಳೆಕಾಯಿ ಸಿಪ್ಪೆ."

"ಬೆಲ್ಲ?"

"ಇಲ್ಲ ಅಂಕಲ್."

"ಅದಕ್ಕೇ ಸದ್ದು ತೆಳ್ಳಗಿದೆ." ಎದ್ದು ನಿಂತರು. ಅವರ ಮುಖದಲ್ಲಿ ನನಗೆ ಏನನ್ನೂ ಓದಲಾಗಲಿಲ್ಲ. "ಒಂದು ಬಿಳಿ ಹಾಳೆ ತಗೊಂಡು ಬಾ. ಇಬ್ಬರು ಪಂಚರು ಬೇಕು. ನಿನ್ನ ಹೆಂಡ್ತೀನ ಕರಿ. ನನ್ನವಳನ್ನೂ ಕರಿ."

ದಾಳಿಯಲ್ಲಿ ಸಿಕ್ಕ ಮಾಲಿಗೆ ಸಾಕ್ಷಿಗಳ ಮುಂದೆ ಪಂಚನಾಮೆ ಬರೆಯುತ್ತಾರೆಂದು ಅವರ ಕತೆಗಳಲ್ಲೇ ಕೇಳಿದ್ದೆ. ಈಗ ನನ್ನ ಮೇಲಿನ ಪಂಚನಾಮೆಯನ್ನು ನನ್ನ ಕೈಯಿಂದಲೇ ಬರೆಸುತ್ತಿದ್ದರು. ತಾರೀಖು, ವೇಳೆ, ಕೋಣೆಯ ಉದ್ದಗಲ, ಕ್ಯಾನಿನ ಬಣ್ಣ.

ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಕಿವಿ ಇಡು."

ಶಕುಂತಲಮ್ಮ ಕೂತು ಕಿವಿ ಇಟ್ಟರು. ಬಾಟಲಿಯಲ್ಲಿ ಒಂದು ಗುಳ್ಳೆ ಎದ್ದಿತು, ಸ್ವಲ್ಪ ತಡೆದು ಇನ್ನೊಂದು.

"ಹೌದು ರೀ. ಇದೆ."

"ಏನಿದೆ? ಸರಿಯಾಗಿ ಹೇಳು."

"ಸದ್ದಿದೆ. ನೀವು ಹೇಳಿದ ಸದ್ದೇ."

"ಬರಿ," ಎಂದರು ನನಗೆ. "ಪಂಚರು ಸ್ವತಃ ಕಿವಿಯಿಂದ ಕೇಳಿ ಖಚಿತಪಡಿಸಿರುತ್ತಾರೆ." ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿ ಕೆಮ್ಮಿದಂತೆ ಮಾಡಿದರು.

ಶಕುಂತಲಮ್ಮ ಸಹಿ ಹಾಕಿದರು. ಸುಮನಾ ಪೆನ್ನು ಹಿಡಿದು ನಿಂತಳು. "ಅಂಕಲ್, ಈ ಕಾಗದ ಎಲ್ಲಿಗೆ ಹೋಗುತ್ತೆ?"

"ಸೈನ್ ಮಾಡಮ್ಮ."

ಅವಳು ನನ್ನ ಕಡೆ ನೋಡಲಿಲ್ಲ. ಶಕುಂತಲಮ್ಮನವರ ಒದ್ದೆ ಕೆನ್ನೆಯನ್ನು ನೋಡಿದಳು. ಸಹಿ ಹಾಕಿದಳು.

ಕ್ಯಾನನ್ನು ಬಚ್ಚಲಿನಲ್ಲಿ ನಾನೇ ಬಗ್ಗಿಸಿದೆ. ತೆಳು ಹಳದಿ ಬಣ್ಣ, ಮನೆ ತುಂಬ ಹೇರಳೆಯ ಘಮ. ಈ ಸಲ ಕಹಿಯಾಗಿರಲಿಲ್ಲವೆಂದು ವಾಸನೆಯಿಂದಲೇ ಗೊತ್ತಾಯಿತು. ಕೊನೆಗೆ ಸಿದ್ದಯ್ಯನವರು ಕೈ ಅಡ್ಡ ಹಿಡಿದು ಒಂದು ಬಾಟಲಿ ತುಂಬಿಸಿಕೊಂಡರು. "ಸ್ಯಾಂಪಲ್," ಎಂದು ಹೇಳಿ, ಕಾಗದ ಮಡಚಿ ಜೇಬಿಗಿಟ್ಟು ಇಳಿದು ಹೋದರು.

ಮಂಗಳವಾರ ಕಾನ್‌ಸ್ಟೇಬಲ್ ಬಂದ. ನಾವಿಬ್ಬರೂ ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿಸಿಕೊಂಡೆವು.

"ಮೇಲಿನೋರ ಬಗ್ಗೆ ಕಂಪ್ಲೇಂಟ್ ಏನಾದ್ರೂ ಉಂಟಾ ಸಾರ್?"

ಕಾಗದ ಬಿಚ್ಚಿದ ಸದ್ದು ಬಂತು. ನ್ಯೂಸ್ ಪೇಪರೋ, ಆ ಪಂಚನಾಮೆಯೋ.

"ಒಂದಿತ್ತು. ಶುಕ್ರವಾರ ಮುಗೀತು."

"ಏನದು?"

"ಗಲಾಟೆ. ರೂಮಲ್ಲಿ ಏನೋ ಇಟ್ಕೊಂಡಿದ್ರು, ನಿದ್ದೆ ಬರ್ತಿರ್ಲಿಲ್ಲ. ಹೇಳಿದ ಮೇಲೆ ತೆಗ್ದಿದಾರೆ."

"ಬಾಡಿಗೆಯೋರು ಅಂದ್ಮೇಲೆ ಅಷ್ಟಿದ್ದಿದ್ದೇ ಬಿಡಿ," ಎಂದು ನಕ್ಕು ಅವನು ಏನನ್ನೋ ಬರೆದುಕೊಂಡು ಬೈಕ್ ಹತ್ತಿದ.

ಸುಮನಾ ಈಗ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೊಳೆಹೊನ್ನೂರಿನ ಶಾಲೆಗೆ ಹೋಗುತ್ತಾಳೆ. ಆ ಕಾಗದ ಇನ್ನೂ ಕೆಳಗೇ ಇದೆ. ವಾಪಸ್ ಕೊಡಿ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಬಂದಿಲ್ಲ.