ಕಲ್ಯಾಣಪ್ಪನ ಗವರ್ನರ್

ಮಾದನಹಿಪ್ಪರಗಾದ ಸಮಸ್ತ ನಾಗರಿಕರಿಗೆ, ದನಕರುಗಳಿಗೆ ಹಾಗೂ ಬಸ್ ಸ್ಟ್ಯಾಂಡಿನಲ್ಲಿ ಕಾರಣವಿಲ್ಲದೆ ಕೂತವರಿಗೆ ಈ ಮೂಲಕ ತಿಳಿಸುವುದೇನೆಂದರೆ, ಸೋಮವಾರ ಮುಂಜಾನೆ ಎಂಟಕ್ಕೆ ಗವರ್ನರರನ್ನು ಬಿಗಿಗೊಳಿಸಲಾಯಿತು.

ರಾಜಭವನದ ಗವರ್ನರ್ ಅಲ್ಲ. ಅವರು ಬಿಗಿಯಾದರೂ ಸಡಿಲಾದರೂ ನಮ್ಮ ಎರೆ ಹೊಲಕ್ಕೆ ವ್ಯತ್ಯಾಸವಿಲ್ಲ. ಇದು ಕಲ್ಯಾಣಪ್ಪನ ಇಪ್ಪತ್ತು ವರ್ಷದ ಟ್ರ್ಯಾಕ್ಟರಿನ ಗವರ್ನರ್. ಎಂಜಿನ್ ಹದ್ದು ಮೀರಿ ತಿರುಗದಂತೆ ಒಂದು ಸ್ಪ್ರಿಂಗಿನ ಬಲದ ಮೇಲೆ ಹಿಡಿದಿಡುವ ಸಣ್ಣ ಯಂತ್ರ; ಸ್ಪ್ರಿಂಗ್ ಬಿಗಿಯಾದಷ್ಟೂ ಆ ಹದ್ದು ಮೇಲೇರುತ್ತದೆ.

ಕಲ್ಯಾಣಪ್ಪ ಹೆಂಡತಿಯ ಹೆಸರು ಮರೆತಾನು, ಆ ಟ್ರ್ಯಾಕ್ಟರಿನ ಒಂದು ನಟ್ಟಿನ ಅಳತೆ ಮರೆಯ. ಹೆಂಡತಿ ಸುಭದ್ರಾಬಾಯಿಗೆ ಇದೇ ಸಂಕಟ. ಕೊಟ್ಟಿಗೆ ತುಂಬ ಅದೇ ನಿಂತಿದೆ, ಹಾಲಂತೂ ಕೊಡುವುದಿಲ್ಲ. ಖಜೂರಿಯ ಅವಳ ಅಣ್ಣ ದೌಲತರಾಯ ಅದನ್ನು ಬಿಚ್ಚಿ ಬಿಡಿಭಾಗ ಮಾಡಿಕೊಂಡು, ಬದಲಿಗೆ ಎರಡು ಎಮ್ಮೆ ಕೊಡಲು ತಯಾರಿದ್ದ. ಗಂಡ ಮೂರು ದಿನ ಉಣ್ಣದೆ ಕೂತಾಗ ಅವಳೊಂದು ಕರಾರು ಹಾಕಿದಳು. ಬಾವಿ ಕಡೆಯ ಎರಡೆಕರೆಯನ್ನು ಎರಡು ತಾಸಿನೊಳಗೆ ನೇಗಿಲು ಹೊಡೆದರೆ ಟ್ರ್ಯಾಕ್ಟರ್ ಇರಲಿ; ಇಲ್ಲವಾದರೆ ಎಮ್ಮೆ ಬರಲಿ.

ಎರಡೂಕಾಲು ತಾಸಿಗೆ ಒಂದು ನಿಮಿಷ ಕಡಿಮೆ ಆಗದೆಂದು ಕಲ್ಯಾಣಪ್ಪನಿಗೆ ಗೊತ್ತಿತ್ತು. ಆಳಂದದಿಂದ ಮಿಸ್ತ್ರಿ ದಾವಲಸಾಬನನ್ನು ಕರೆಸಿ, ಗವರ್ನರ್ ಸ್ಪ್ರಿಂಗ್ ಬಿಗಿ ಮಾಡಲು ಹೇಳಿದ. ಎಂಜಿನ್ ಜೋರಾಗಿ ತಿರುಗಿದರೆ ಗಾಲಿಯೂ ಜೋರಾಗಿ ತಿರುಗಬೇಕಲ್ಲ.

ದಾವಲಸಾಬ ಸ್ಕ್ರೂಗೆ ಎರಡು ಸುತ್ತು ಕೊಟ್ಟು ಕೈ ಒರೆಸಿಕೊಂಡ. "ಸಾವ್ಕಾರ್ರ, ಮುದುಕಗ ಕುದುರಿ ದಾಣಿ ತಿನಿಸಾಕತ್ತೀರಿ. ಓಡ್ತಾನ ಖರೆ, ಮುಂದಿಂದು ನನಗ ಕೇಳಬ್ಯಾಡ್ರಿ."

ಮುದುಕ ಓಡಿದ. ಹೊಗೆಗೆ ಬೆಳ್ಳಕ್ಕಿಗಳು ಕಪ್ಪಾದವು, ಬದುವಿನ ಮೇಲಿದ್ದ ಸಕ್ಕುಬಾಯಿಯ ಮೇಕೆ ಹಗ್ಗ ಹರಿದು ಮುಂದಿನ ಊರಿನ ದಾರಿ ಹಿಡಿಯಿತು. ಕಲ್ಯಾಣಪ್ಪ ಸೀಟಿನ ಮೇಲೆ ಕೂತದ್ದಕ್ಕಿಂತ ಗಾಳಿಯಲ್ಲಿದ್ದದ್ದೇ ಹೆಚ್ಚು. ಕೊನೇ ಸಾಲು ಮುಗಿಸಿ ಎಂಜಿನ್ ಆರಿಸಿ, ಕೈಗಡಿಯಾರ ನೋಡಿಕೊಂಡ. ಒಂದೂ ಮುಕ್ಕಾಲು ತಾಸು. ಮೀಸೆ ತಾನಾಗಿಯೇ ಮೇಲೆ ಹೋಯಿತು.

ಕರಾರಿನ ತೀರ್ಪು ಹೇಳಲು ಪಂಚನಾಗಿ ಬಂದಿದ್ದ ಬೀರಲಿಂಗಪ್ಪ ಗಡಿಯಾರದ ಕಡೆ ಕಣ್ಣೆತ್ತಲಿಲ್ಲ. ಬಗ್ಗಿ ಟ್ರ್ಯಾಕ್ಟರಿನ ತಾಸು ಎಣಿಸುವ ಮೀಟರ್ ಓದಿದ, ಮುಂಜಾನೆ ಚೀಟಿಯಲ್ಲಿ ಬರೆದುಕೊಂಡ ಅಂಕಿಯನ್ನು ಅದರಲ್ಲಿ ಕಳೆದ.

"ಎರಡು ತಾಸು ಇಪ್ಪತ್ತು ನಿಮಿಷ."

ಗಡಿಯಾರ ನೋಡೆಂದು ಕಲ್ಯಾಣಪ್ಪ ಅವನ ಮೂಗಿನ ಮುಂದೆಯೇ ಕೈ ಹಿಡಿದ.

"ಗಡಿಯಾರ ನೋಡಿ ಯಾರ ಹೊಲ ಹೊಡದೀಯೋ ಕಲ್ಯಾಣಪ್ಪ? ಹೋದ ವರ್ಷ ನನ್ನ ಹೊಲ ಹೊಡದಾಗ ಮೀಟರ್ ತೋರ್ಸಿ ಬಾಡಿಗಿ ತಗೊಂಡವ ಯಾರು? ಗಡಿಯಾರ ಸುಳ್ಳು ಹೇಳ್ತದ, ಮೀಟರ್ ಹೇಳಂಗಿಲ್ಲ ಅಂದವ ನೀನೇ."

ಊರಿನ ಪದ್ಧತಿ ಅದೇ. ಹೊಲ ಹೊಡೆದ ತಾಸು ಅಂದರೆ ಮೀಟರಿನ ತಾಸು. ಕಲ್ಯಾಣಪ್ಪ ಮಿಸ್ತ್ರಿಯ ಮುಖ ನೋಡಿದ.

ದಾವಲಸಾಬ ಕಿವಿ ತುರಿಸಿಕೊಂಡ. ಈ ಮೀಟರ್ ಎಣಿಸುವುದು ಹೊತ್ತನ್ನಲ್ಲ, ಎಂಜಿನ್ ತಿರುಗಿದ ಸುತ್ತನ್ನು. ಎಂಜಿನ್ ಓಡಿದಷ್ಟೂ ಅದರ ತಾಸೂ ಓಡುತ್ತದೆ ಎಂದು ಮೆಲ್ಲಗೆ ಒಪ್ಪಿಕೊಂಡ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಬಿಗಿ ಮಾಡು ಅಂದಿರಿ, ಮೀಟರ್ ಸುದ್ದಿ ಎತ್ತಲಿಲ್ಲ ಅಂದ.

ಸುಭದ್ರಾಬಾಯಿ ನಗಲಿಲ್ಲ, ಸೆರಗಿನಿಂದ ಬಾಯಿ ಮಾತ್ರ ಮುಚ್ಚಿಕೊಂಡಳು.

"ನಾಳಿ ಟ್ರ್ಯಾಕ್ಟರ್ ನೀವೇ ಖಜೂರಿಗಿ ಬಿಟ್ಟು ಬರ್ರಿ," ಎಂದಳು. "ಸಾವಕಾಶ ಹೋಗ್ರಿ ಮತ್ತ. ಹಿಂಗ ಓಡಿಸಿದ್ರ, ಮೀಟರ್ ಪ್ರಕಾರ ಮುಟ್ಟೂದ್ರಾಗ ನಾಡಿದ್ದಾಗ್ತದ."