ತೂಕ ಇಳಿಸಿದವಳು

ಮದುವೆಯಾದ ಹೊಸದರಲ್ಲಿ ನನ್ನ ಮಾವ ಜಂಬಣ್ಣನವರು ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ ಸೊಸೆ ವಾಣಿ, ಇಂಜಿನಿಯರ್ರು. ಕಬ್ಬಿಣದ ಮೈ ಇಳಿಸೋದೇ ಇವಳ ಕೆಲ್ಸ" ಎಂದು ಹೇಳಿ ನಗುತ್ತಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಆಯುಷ್ಯ ಕಳೆದವರು ಅವರು. ಭಾರವಿಲ್ಲದ ವಸ್ತುವಿಗೆ ಅವರಲ್ಲಿ ಮರ್ಯಾದೆ ಇರಲಿಲ್ಲ. ಪಾತ್ರೆಯಾಗಲಿ, ಬಾಗಿಲ ಚಿಲಕವಾಗಲಿ, ಒಮ್ಮೆ ಎತ್ತಿ ನೋಡಿಯೇ ಬೆಲೆ ಕಟ್ಟುತ್ತಿದ್ದರು. ನನ್ನನ್ನು ಎತ್ತಿ ನೋಡಲಿಲ್ಲ ಎನ್ನುವುದೊಂದೇ ಸಮಾಧಾನ.

ನಾನೂ ನನ್ನ ಗಂಡ ಹಾಲೇಶ್ ಅವರೂ ಒಂದೇ ಫೌಂಡ್ರಿಯಲ್ಲಿದ್ದೆವು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಮಾಚೇನಹಳ್ಳಿಯಲ್ಲಿ. ಬೆಳಿಗ್ಗೆ ಒಂದೇ ಬೈಕಿನಲ್ಲಿ ಹೋಗಿ ಗೇಟಿನ ಒಳಗೆ ಬೇರೆಯಾಗುತ್ತಿದ್ದೆವು. ನಾನು ಮೇಲಿನ ಎಸಿ ಕೋಣೆಗೆ, ಕಂಪ್ಯೂಟರ್ ಮುಂದೆ. ಅವರು ಕೆಳಗೆ ಎರಡನೇ ಲೈನಿಗೆ. ಲೈನ್ ಅಂದರೆ ಮರಳಿನ ಅಚ್ಚು ಕಟ್ಟಿ, ಕರಗಿದ ಕಬ್ಬಿಣ ಹೊಯ್ಯುವ ಉದ್ದನೆಯ ಸಾಲು. ಅದರ ಸೂಪರ್‌ವೈಸರ್ ಅವರು. ಆ ಲೈನಿನ ಸದ್ದು ಕೇಳಿದರೆ ಸಾಕು, ಏನು ಕೆಟ್ಟಿದೆ ಎಂದು ಕ್ಯಾಂಟೀನಿನ ಊಟದ ತಟ್ಟೆಯಿಂದಲೇ ಹೇಳುತ್ತಿದ್ದರು. ನಾನು ಮಾತಾಡಿದ್ದು ಮಾತ್ರ ಎರಡನೇ ಸಲಕ್ಕೆ ಕೇಳಿಸುತ್ತಿತ್ತು.

ಆ ಲೈನಿಗೆ ಅನ್ನ ಹಾಕುತ್ತಿದ್ದುದು ಒಂದು ಬ್ರಾಕೆಟ್ಟು. ಮಧ್ಯಮ ವರ್ಗದವರು ಕೊಳ್ಳುವ ಒಂದು ಫ್ಯಾಮಿಲಿ ಕಾರಿನಲ್ಲಿ ಇಂಜಿನ್ ಕೂರುವುದು ಅದರ ಮೇಲೆ. ಒಂದು ದಿನ ಮಾಲೀಕರಾದ ರೇಣುಕಾಪ್ರಸಾದ್ ನನ್ನನ್ನು ಕರೆದರು. ಹೊಸ ನಿಯಮ ಬರುತ್ತಿದೆ, ಕಾರು ಇನ್ನೂ ಕಡಿಮೆ ಪೆಟ್ರೋಲ್ ಕುಡಿಯಬೇಕು, ಕಡಿಮೆ ಹೊಗೆ ಬಿಡಬೇಕು. ಅದಕ್ಕೆ ಚೆನ್ನೈನ ಕಾರಿನ ಕಂಪನಿಯವರು ಬಾಗಿಲು, ಸೀಟು, ಚಕ್ರ, ಕೊನೆಗೆ ಬ್ರಾಕೆಟ್ಟು, ಎಲ್ಲದರ ತೂಕವನ್ನೂ ಇಳಿಸಿ ಎಂದು ಕೂತಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಬ್ರಾಕೆಟ್ಟಿನ ತೂಕದಲ್ಲಿ ಮೂರನೇ ಒಂದು ಭಾಗ ಇಳಿಸುವುದು. ಇಳಿಸಿದರೆ ಆರ್ಡರ್ ಉಳಿಯುತ್ತದೆ, ಇಲ್ಲವಾದರೆ ಬೇರೆಯವರಿಗೆ ಹೋಗುತ್ತದೆ.

ಮನೆಗೆ ಬಂದು ಹೇಳಿದೆ. ಹಾಲೇಶ್ ಮುಖ ಗಂಟಿಕ್ಕಿಕೊಂಡರು.

"ಹಗುರ ಆದ್ರೆ ಟನ್ನೇಜ್ ಎಲ್ಲಿಂದ ಬರುತ್ತೆ ಮಾರಾಯ್ತಿ?"

ಅವರು ಕೇಳಿದ್ದು ಸರಿಯೇ. ಕಾರಿನ ಭಾಗವಾದರೇನು, ಚರಂಡಿಯ ಮುಚ್ಚಳವಾದರೇನು, ಫೌಂಡ್ರಿಗೆ ದುಡ್ಡು ಬರುವುದು ಕೆಜಿ ಲೆಕ್ಕದಲ್ಲಿ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೆಲ್ಲ ತೂಗಿಕೊಟ್ಟ ಹಾಗೆ. ಕೆಲಸಗಾರರ ತಿಂಗಳ ಇನ್ಸೆಂಟಿವ್ ಕೂಡ ಎಷ್ಟು ಟನ್ ಹೊಯ್ದರು ಅನ್ನುವುದರ ಮೇಲೆ. ಅಷ್ಟೇ ಬ್ರಾಕೆಟ್ಟು, ಅಷ್ಟೇ ಬೆವರು, ಬೇಕಾದರೆ ಇನ್ನೂ ಜಾಸ್ತಿ ತಲೆನೋವು. ತೂಕ ಮಾತ್ರ ಕಡಿಮೆ, ಕೈಗೆ ಬರುವುದೂ ಕಡಿಮೆ.

"ಇಳಿಸ್ದೇ ಇದ್ರೆ ಆರ್ಡರೇ ಹೋಗುತ್ತಲ್ರೀ. ಆಗ ನಿಮ್ ಲೈನ್ ಇರುತ್ತಾ?"

"ಇಳಿಸಿದ್ರೆ ಇರುತ್ತಾ?"

ಮಾರನೆಯ ದಿನ ಮಾಲೀಕರ ಕೋಣೆಗೆ ಹೋಗಿ ಅದನ್ನೇ ಕೇಳಿದೆ. ಕೆಜಿ ಬಿಟ್ಟು ಒಂದು ಪೀಸಿಗೆ ಇಷ್ಟು ಎಂದು ದರ ಮಾಡಿಸಿದರೆ ಮಾತ್ರ ಎರಡನೇ ಲೈನು ಉಳಿಯುತ್ತದೆ ಎಂದೆ. ರೇಣುಕಾಪ್ರಸಾದ್ ಕುರ್ಚಿಯಿಂದ ಎದ್ದೇ ಬಿಟ್ಟರು.

"ಅದೆಲ್ಲ ನಾನ್ ಮಾತಾಡ್ತೀನಮ್ಮ. ಎರಡನೇ ಲೈನು ನನ್ ಮಗು ಇದ್ದಂಗೆ. ನೀನು ಡಿಸೈನ್ ನೋಡ್ಕೊ."

ನೋಡಿಕೊಂಡೆ. ಬಲ ಬೀಳದ ಜಾಗ ಯಾವುದೆಂದು ಹುಡುಕಿ ಅಲ್ಲಿಂದ ಕಬ್ಬಿಣ ತೆಗೆಯುವುದು ನನ್ನ ಕೆಲಸ. ನಡುವೆ ದೊಡ್ಡ ತೂತು ಕೊಟ್ಟೆ, ಗೋಡೆ ತೆಳುವಾಗಿಸಿದೆ, ಬಲಕ್ಕೆ ಪಕ್ಕೆಲುಬಿನಂತೆ ಉಬ್ಬಿದ ಮೂರು ಏಣು ಕೊಟ್ಟೆ, ಅದರಲ್ಲಿ ಒಂದು ಸ್ವಲ್ಪ ಬಾಗಿದ್ದು. ಗೋಡೆ ತೆಳುವಾದಾಗ ಕಬ್ಬಿಣ ಅಚ್ಚಿನ ತುದಿ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ಅರ್ಧ ಬ್ರಾಕೆಟ್ಟು ಹುಟ್ಟತೊಡಗಿತು. ಆಗ ಹಾಲೇಶ್ ಗೊಣಗುತ್ತಲೇ ಕೈ ಹಾಕಿದರು. ಹೊಯ್ಯುವ ಬಾಯಿಯ ಜಾಗ ಬದಲಿಸೋಣ ಎಂದರು, ನಾನು ಬಾಗಿದ ಏಣನ್ನು ಆ ಕಡೆ ಸರಿಸಿದೆ. ಬೈಕಿನಲ್ಲಿ ಅದೇ ಮಾತು, ಊಟಕ್ಕೆ ಕೂತರೆ ಅದೇ ಮಾತು. ಆ ನಾಲ್ಕು ತಿಂಗಳು ನಾವು ಗಂಡಹೆಂಡತಿ ಇದ್ದಷ್ಟು ಹತ್ತಿರ ಮತ್ತೆ ಯಾವತ್ತೂ ಇರಲಿಲ್ಲ. ಮೊದಲ ಬಾರಿಗೆ ಸರಿಯಾದ ಬ್ರಾಕೆಟ್ಟು ಮರಳಿನಿಂದ ಎದ್ದು ಬಂದ ದಿನ ಅವರೇ ಬಟ್ಟೆಯಲ್ಲಿ ಸುತ್ತಿ ಮೇಲೆ ನನ್ನ ಟೇಬಲ್ಲಿಗೆ ತಂದುಕೊಟ್ಟರು. ಇನ್ನೂ ಬಿಸಿಯಿತ್ತು.

ಚೆನ್ನೈನವರ ಮುಂದೆ ನಾನೇ ವಿವರಿಸಬೇಕಿತ್ತು. ಅಡುಗೆಮನೆಯಲ್ಲಿ ಅಭ್ಯಾಸ ನಡೆಯಿತು. ಮಾವ ಮತ್ತು ಹಾಲೇಶ್ ಕಂಪನಿಯವರಾಗಿ ಸ್ಟೂಲಿನ ಮೇಲೆ ಕೂತರು. ಕುಕ್ಕರ್ ಇಂಜಿನ್ ಆಯಿತು.

"ಇಂಜಿನ್ ಎಳೆಯೋ ಭಾರ ಕಮ್ಮಿ ಆದಷ್ಟೂ ಪೆಟ್ರೋಲ್ ಕಮ್ಮಿ. ಪೆಟ್ರೋಲ್ ಕಮ್ಮಿ ಆದಷ್ಟೂ ಹೊಗೆ ಕಮ್ಮಿ. ಈ ಕಾರಿನ ಹಿಂದೆ ಶಾಲೆಗೆ ನಡ್ಕೊಂಡು ಹೋಗೋ ಮಗು ಕೆಮ್ಮಬಾರದು, ಅಷ್ಟೇ ನಮ್ ಲೆಕ್ಕ." ಕೊನೆಯ ಮಾತಿಗೆ ನನ್ನ ಕೈ ತಾನಾಗಿಯೇ ಎದೆಯ ಮೇಲೆ ಹೋಗುತ್ತಿತ್ತು.

"ಎದೆ ಮೇಲೆ ಕೈ ಯಾಕೆ? ನಾಟಕದ ಕಂಪನಿಗೆ ಸೇರ್ಕೊ ಹಂಗಾದ್ರೆ" ಎಂದು ಹಾಲೇಶ್ ಛೇಡಿಸಿದರು. ಆದರೆ ಎಷ್ಟು ಸಲ ಹೇಳಿದರೂ ಕೂತು ಕೇಳಿದರು, ಮರೆತಲ್ಲಿ ಎತ್ತಿಕೊಟ್ಟರು.

ಮಾವ ಮಾತ್ರ ನಗಲಿಲ್ಲ. "ಹೊಗೆ ಇಲ್ದಿದ್ರೆ ಏನಾಗುತ್ತೆ ಅಂತ ನಮ್ಮೂರಿಗೆ ಬಂದು ನೋಡಕ್ಕೆ ಹೇಳವ್ವ ಅವ್ರಿಗೆ" ಎಂದರು.

ಆ ಮಾತು ನನಗೆ ಆಗ ಹಿಡಿಸಲಿಲ್ಲ. ಈಗಲೂ ಪೂರ್ತಿ ಹಿಡಿಸುವುದಿಲ್ಲ. ಮಗು ಕೆಮ್ಮಬಾರದು ಎನ್ನುವುದು ಸುಳ್ಳಲ್ಲವಲ್ಲ. ಆದರೆ ಮಾವನ ಕಾರ್ಖಾನೆ ಮುಚ್ಚಿ ಚಿಮಣಿ ತಣ್ಣಗಾದ ಮೇಲೆ ಭದ್ರಾವತಿಯ ಗಾಳಿ ಎಷ್ಟು ಚೊಕ್ಕವಾಗಿದೆಯೋ, ಬೀದಿಗಳೂ ಅಷ್ಟೇ ಚೊಕ್ಕವಾಗಿವೆ. ಒಬ್ಬರೂ ಇಲ್ಲ.

ಚೆನ್ನೈನವರು ಒಪ್ಪಿದರು. ಕೈ ಕುಲುಕಿದರು. ರೇಣುಕಾಪ್ರಸಾದ್ ನನಗೆ ಶಾಲು ಹೊದಿಸಿ ಫೋಟೊ ತೆಗೆಸಿ ಗೇಟಿನ ಹತ್ತಿರ ಹಾಕಿಸಿದರು. ದರದ ಮಾತು ಬಂದಾಗ, "ಕಬ್ಬಿಣವನ್ನು ಇಡೀ ದೇಶ ಕೆಜಿ ಲೆಕ್ಕದಲ್ಲೇ ಕೊಳ್ಳುತ್ತದೆ, ನಿಮಗೊಂದು ಬೇರೆ ಲೆಕ್ಕವೇ" ಎಂದು ಅವರ ಖರೀದಿ ಮ್ಯಾನೇಜರ್ ಕೇಳಿದನಂತೆ. ಎರಡನೇ ಲೈನನ್ನು ಮಗು ಎಂದಿದ್ದ ಮನುಷ್ಯ ಕಾಫಿ ಮುಗಿಯುವುದರೊಳಗೆ ಕೆಜಿ ದರಕ್ಕೇ ಸಹಿ ಹಾಕಿ ಬಂದರು. ನಾನು ಜಗಳಕ್ಕೇ ನಿಂತೆ. "ಆರ್ಡರ್ ಉಳೀತಲ್ಲಮ್ಮ, ದೊಡ್ಡ ಮನಸ್ಸು ಮಾಡು" ಎಂದರು. ದೊಡ್ಡ ಮನಸ್ಸು ಮಾಡಬೇಕಾದವರು ಯಾವಾಗಲೂ ಕೆಳಗಿನ ಮಹಡಿಯವರೇ.

ಮುಂದಿನ ತಿಂಗಳಿಂದಲೇ ಲೈನಿನವರ ಇನ್ಸೆಂಟಿವ್ ಕುಸಿಯಿತು. "ನಿಮ್ ಮೇಡಂ" ಎಂದು ಹಾಲೇಶ್ ಮುಂದೆ ಆಡಿಕೊಳ್ಳತೊಡಗಿದರು. ಅಚ್ಚು ಕಟ್ಟುವ ಸೆಲ್ವರಾಜ್ ನನ್ನ ಮುಂದೆಯೇ ಹೇಳಿದ, "ಅಕ್ಕ ಸಣ್ಣ ಮಾಡಿದ್ದು ಪಾರ್ಟನ್ನಲ್ಲ, ನಮ್ ಹೊಟ್ಟೇನ." ನಾನು ಮೆಟ್ಟಿಲು ಹತ್ತಿ ಎಸಿ ಕೋಣೆಗೆ ಹೋದೆ.

ವರ್ಷ ಕಳೆಯುವುದರೊಳಗೆ ಚೆನ್ನೈನಿಂದ ಮೇಲ್ ಬಂತು. ಕಾರಿನ ಹೊಸ ಮಾದರಿಗೆ ಇನ್ನೂ ತೂಕ ಇಳಿಸಬೇಕಾಗಿದೆ, ಆದ್ದರಿಂದ ಇದೇ ಬ್ರಾಕೆಟ್ಟನ್ನು ಇನ್ನು ಮೇಲೆ ಅಲ್ಯೂಮಿನಿಯಂನಲ್ಲಿ ಮಾಡಿಸುತ್ತೇವೆ, ತಯಾರಿ ಚೆನ್ನೈ ಹತ್ತಿರದ ಕಾರ್ಖಾನೆಯಲ್ಲಿ, ಇಲ್ಲಿಯವರೆಗಿನ ಸಹಕಾರಕ್ಕೆ ವಂದನೆ. ಜೊತೆಗಿದ್ದ ಚಿತ್ರ ನನ್ನದೇ. ಅದೇ ತೂತು, ಅದೇ ಮೂರು ಏಣು. ಗೋಡೆಯನ್ನು ಮಾತ್ರ ಅಲ್ಯೂಮಿನಿಯಂಗೆ ತಕ್ಕಂತೆ ದಪ್ಪ ಮಾಡಿಕೊಂಡಿದ್ದರು. ಡ್ರಾಯಿಂಗ್ ಕಂಪನಿಯ ಸ್ವತ್ತು ಎಂದು ಮೊದಲೇ ಬರೆದುಕೊಂಡಿದ್ದರು, ಕೇಳುವ ಹಾಗೂ ಇರಲಿಲ್ಲ. ನಮ್ಮದು ಕಬ್ಬಿಣದ ಫೌಂಡ್ರಿ. ಅಲ್ಯೂಮಿನಿಯಂಗೆ ಬೇಕಾದ ಯಂತ್ರ ನಮ್ಮಲ್ಲಿ ಒಂದೂ ಇಲ್ಲ.

ಎರಡನೇ ಲೈನು ನಿಂತಿತು. ಹಾಲೇಶ್ ಅವರನ್ನು ಸೇರಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ನನಗೆ ಬಡ್ತಿ ಬಂತು.

"ನಿನ್ನಂಥೋರು ಬೇಕಮ್ಮ. ಈಗ ಎಲ್ರೂ ಹಗುರವೇ ಕೇಳೋದು" ಎಂದರು ರೇಣುಕಾಪ್ರಸಾದ್.

"ಸರ್, ಹಾಲೇಶ್‌ಗೆ ಮೊದಲನೇ ಲೈನಲ್ಲಿ ಏನಾದ್ರೂ..."

"ಅಲ್ಲಿ ಆಗ್ಲೇ ಜನ ಜಾಸ್ತಿ. ಲೈನೇ ಇಲ್ದ ಮೇಲೆ ಸೂಪರ್‌ವೈಸರ್ ಯಾಕಮ್ಮ?"

ರಾಜೀನಾಮೆ ಮುಖಕ್ಕೆ ಎಸೆಯಬೇಕು ಎನಿಸಿತು. ಇಬ್ಬರೂ ಮನೆಯಲ್ಲಿ ಕೂರುವ ಹಾಗಿರಲಿಲ್ಲ, ಎಸೆಯಲಿಲ್ಲ. ಹಾಲೇಶ್ ದಿನಾ ಬೆಳಿಗ್ಗೆ ಬೈಕಿನಲ್ಲಿ ನನ್ನನ್ನು ಗೇಟಿಗೆ ಬಿಟ್ಟು, ಶಾಲು ಹೊದ್ದ ನನ್ನ ಫೋಟೊದ ಮುಂದೆಯೇ ಬೈಕ್ ತಿರುಗಿಸಿಕೊಂಡು ಹೋಗುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊಟಕ್ಕೆ ಕರೆದರೆ ಬಂದು ಉಣ್ಣುತ್ತಿದ್ದರು, ಸಾರು ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುತ್ತಿದ್ದರು. ಆ ಮರ್ಯಾದೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಬೇರೆ ಫೌಂಡ್ರಿಗಳನ್ನು ಸುತ್ತಿ ಬಂದರು. ಎಲ್ಲ ಕಡೆ ಜನ ಕಡಿಮೆ ಮಾಡುತ್ತಿದ್ದರು. ಕೊನೆಗೆ ಶಿವಮೊಗ್ಗದಲ್ಲಿ ಒಂದು ಕಾರ್ ಶೋರೂಮಿನಲ್ಲಿ ಮಾರಾಟದ ಕೆಲಸ ಸಿಕ್ಕಿತು. ಯಾವ ಕಾರು ಎಂದು ಕೇಳಬೇಕಾಗಿರಲಿಲ್ಲ. ಅವರು ಟೈ ಕಟ್ಟಿಕೊಂಡು ನಿಂತದ್ದನ್ನು ಮಾವ ಬಹಳ ಹೊತ್ತು ನೋಡಿದರು. ಎದ್ದು ಬಂದು ಟೈಯ ತುದಿಯನ್ನು ಅಂಗೈಯಲ್ಲಿಟ್ಟು ಎತ್ತಿ ನೋಡಿ, ಹೋಗಿ ಕೂತರು.

ಹೊಸ ಮಾದರಿ ಬಂದ ಭಾನುವಾರ ನಾನು ಹೇಳದೆ ಕೇಳದೆ ಬಸ್ ಹತ್ತಿ ಶೋರೂಮಿಗೆ ಹೋದೆ. ನೋಡಬೇಕಿತ್ತು, ಅಷ್ಟೇ. ಬಲೂನು ಕಟ್ಟಿದ್ದರು. ಕಾರಿನ ಬಾನೆಟ್ ತೆರೆದಿತ್ತು. ಹಾಲೇಶ್ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ಎದುರಿಗೆ ಹೊಸಮನೆ ಬಡಾವಣೆಯಿಂದ ಬಂದ ಗಂಡಹೆಂಡತಿ, ಜೊತೆಗೆ ಅವರ ಪುಟ್ಟ ಮಗಳು.

"ನೋಡಿ ಸರ್, ಇಂಜಿನ್ ಎಳೆಯೋ ಭಾರ ಕಮ್ಮಿ ಆದಷ್ಟೂ ಪೆಟ್ರೋಲ್ ಕಮ್ಮಿ. ಪೆಟ್ರೋಲ್ ಕಮ್ಮಿ ಆದಷ್ಟೂ ಹೊಗೆ ಕಮ್ಮಿ." ಒಂದು ಅಕ್ಷರವೂ ಆಚೀಚೆ ಆಗಿರಲಿಲ್ಲ. ನಾನು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಅವರೂ ಉಸಿರು ತೆಗೆದುಕೊಂಡರು. "ಈ ಕಾರಿನ ಹಿಂದೆ ಶಾಲೆಗೆ ನಡ್ಕೊಂಡು ಹೋಗೋ ಮಗು ಕೆಮ್ಮಬಾರದು, ಅಷ್ಟೇ ನಮ್ ಲೆಕ್ಕ." ಕೈ ಎದೆಯ ಮೇಲೆ ಹೋಯಿತು.

ಆ ಹೆಂಗಸಿಗೆ ಮನಸ್ಸು ತುಂಬಿ ಬಂದಿರಬೇಕು, ಮಗಳ ತಲೆ ಸವರಿದಳು. ಗಂಡ ಬಾನೆಟ್ಟಿನೊಳಗೆ ಬಗ್ಗಿ, "ಇದೆಲ್ಲ ಮಾಡೋರು ಎಂಥ ಜಾಣರು ಇರಬೇಕು ಅಲ್ವಾ" ಎಂದ.

ಅಷ್ಟರಲ್ಲಿ ಹಾಲೇಶ್ ತಿರುಗಿದರು. ನನ್ನನ್ನು ನೋಡಿದರು. ಮುಖದ ನಗು ಹಾಗೇ ಇತ್ತು.

"ಎಲ್ಲ ಚೆನ್ನೈನೋರು ಸರ್" ಎಂದರು. ಆಮೇಲೆ ನನಗೆ, "ಬನ್ನಿ ಮೇಡಂ, ಹತ್ರ ಬನ್ನಿ. ನೋಡಿ."

ಹತ್ತಿರ ಹೋದೆ. ಬೆಳ್ಳಗೆ ಹೊಳೆಯುತ್ತಾ ಕೂತಿತ್ತು ಬ್ರಾಕೆಟ್ಟು. ನಡುವೆ ತೂತು, ಮೂರು ಏಣು. ಬಾಗಿದ ಏಣು ನಾವಿಬ್ಬರೂ ಸರಿಸಿದ್ದಲ್ಲೇ ಇತ್ತು. ಬೆರಳಿಟ್ಟೆ, ತಣ್ಣಗಿತ್ತು. ಹೊಸಮನೆಯವರು ನನಗೆ ಜಾಗ ಬಿಟ್ಟು ಪಕ್ಕಕ್ಕೆ ನಿಂತರು. ಏನಾದರೂ ಕೇಳುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರು, ನನ್ನ ಗಂಡನೂ.

"ಮೈಲೇಜ್ ಎಷ್ಟು ಕೊಡುತ್ತೆ?" ಎಂದು ಕೇಳಿದೆ.

ಅವರು ಹೇಳಿದರು.