ಏಕಾದಶಿಯ ರಿಪೇರಿ

ನಮ್ಮ ಮೈಲಾಪೂರಿನ ಫ್ಲಾಟಿನಲ್ಲಿ ದೊಡ್ಡ ಮೇಜು ಒಂದೇ. ಊಟಕ್ಕೂ ಅದೇ, ತರಕಾರಿ ಹೆಚ್ಚಲೂ ಅದೇ. ಏಕಾದಶಿಯ ದಿನ ಮಾತ್ರ ಒಲೆ ಹಚ್ಚುವುದಿಲ್ಲ, ಮೇಜು ಖಾಲಿ ಇರುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಕಮಲಾಕರ ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿಕೊಂಡು ಕೂರುತ್ತಿದ್ದುದು ಆ ದಿನಗಳಲ್ಲೇ. ಕೀಬೋರ್ಡಿನೊಳಗೇ ಇಡೀ ಯಂತ್ರವಿರುವ, ಟಿ.ವಿ.ಗೆ ಸಿಕ್ಕಿಸಿ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓಡಿಸುವಂಥವು. ಜನ ಬಿಸಾಡಿದ್ದನ್ನು ತಂದು ಜೀವ ಬರಿಸುತ್ತಿದ್ದರು. ಬ್ಯಾಂಕಿನಲ್ಲಿ ಬಡ್ತಿ ಸಿಕ್ಕ ಮೇಲೆ ಬಿಡುವಾಗಲಿಲ್ಲ; ಎಲ್ಲ ಅಟ್ಟ ಸೇರಿದವು.

ಎರಡು ಸಾವಿರದ ನಾಲ್ಕರಲ್ಲಿ ಅವರ ಸಹಿ ಅಲುಗತೊಡಗಿತು. ನರದ ಡಾಕ್ಟರು ಪಾರ್ಕಿನ್ಸನ್ಸ್ ಅಂದರು. ಮಾತ್ರೆಯಿಂದ ನಡುಕ ತಗ್ಗೀತು, ಹೋಗುವುದಿಲ್ಲ ಅಂದರು. ಮುಂದಿನ ಭಾನುವಾರವೇ ಇವರು ತಾಂಬರಂನ ಜಯರಾಮ ಎಂಬ ಹಳೇ ಸಾಮಾನಿನವನಿಂದ ಅಂಥದೇ ಕೆಟ್ಟ ಸ್ಪೆಕ್ಟ್ರಂ ಕಂಪ್ಯೂಟರೊಂದನ್ನು ಟವೆಲಿನಲ್ಲಿ ಸುತ್ತಿ, ಎಲೆಕ್ಟ್ರಿಕ್ ಟ್ರೇನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು.

"ಇದನ್ನ ನನ್ನ ಕೈಯಾರೆ ಓಡಿಸ್ತೀನಿ ವಿದ್ಯಾ. ಓಡಿತೋ, ಆ ಡಾಕ್ಟರ್ ಹೇಳಿದ್ದೆಲ್ಲ ಇನ್ನೂ ದೂರ ಇದೆ ಅಂತ ಲೆಕ್ಕ."

ಓಡದಿದ್ದರೆ ಎಂದು ನಾನು ಕೇಳಲಿಲ್ಲ. ಅವರ ಕೈಯನ್ನು ನೋಡಿಯೂ ನೋಡದ ಹಾಗಿರುವುದನ್ನು ಆಗಲೇ ಕಲಿತಿದ್ದೆ.

ಕೆಟ್ಟಿದ್ದು ಮೆಮೊರಿ ಚಿಪ್ಪುಗಳು. ಹಳೆಯದರ ಸೀಸ ಕರಗಿಸಿ, ಕಾಲುಗಳನ್ನು ಒಂದೊಂದಾಗಿ ಬಿಡಿಸಿ, ಹೊಸದನ್ನು ಕೂರಿಸಬೇಕು. ಹೊಸ ಚಿಪ್ಪುಗಳು ರಿಚ್ಚಿ ಸ್ಟ್ರೀಟಿನಲ್ಲಿ ಸಿಕ್ಕವು. ಕೆಲಸಕ್ಕೆ ಅವರು ಆರಿಸಿದ್ದು, ಹಳೆಯ ಅಭ್ಯಾಸದಂತೆ, ಏಕಾದಶಿ.

ಅವರದು ನಿರ್ಜಲ ಉಪವಾಸ. ನೀರಿಲ್ಲದೆ ಮಾತ್ರೆ ಎಲ್ಲಿ?

"ಒಂದು ಗುಟುಕು ನೀರಲ್ಲಿ ನುಂಗಿಬಿಡಿ," ಅಂದೆ.

"ಉಪನಯನ ಆದಾಗಿಂದ ತಪ್ಪಿಸಿಲ್ಲ. ಈಗ ಇದಕ್ಕೋಸ್ಕರ ತಪ್ಪಿಸ್ಲಾ?"

ಒಳಗಿನಿಂದ ಅತ್ತೆ ಕೌಸಲ್ಯಮ್ಮ ಕೂಗಿದರು. "ಮದ್ದಿಗೆ ದೋಷ ಇಲ್ಲವೋ! ಇಷ್ಟು ಮಡಿ ಇರೋನು ಆ ಸೀಸದ ಹೊಗೆ ಯಾಕೆ ಕುಡೀತೀಯ? ಅದು ಮಾತ್ರ ಪರವಾಯಿಲ್ಲೆಯಾ?"

"ಅದು ಫಲಾಹಾರ ಅಮ್ಮ," ಎಂದು ನಕ್ಕರು. ಬಹಳ ದಿನದ ಮೇಲೆ ಕೇಳಿದ ನಗು. ಅದಕ್ಕೇ ನಾನು ಮತ್ತೆ ಒತ್ತಾಯಿಸಲಿಲ್ಲ.

ಸೋಲ್ಡರಿಂಗ್ ಐರನ್ನಿನ ತುದಿ ಚಿಪ್ಪಿನ ಕಾಲಿಗೆ ತಾಗಿತು, ಜಾರಿತು, ಪಕ್ಕದ ಕಾಲಿಗೆ ತಾಗಿತು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡರು. ಎರಡೂ ಸೇರಿ ನಡುಗಿದವು. ಸುಟ್ಟ ವಾಸನೆ ಬಂತು. ಬೋರ್ಡಿನ ಮೇಲಿನ ಕೂದಲೆಳೆಯಂಥ ತಾಮ್ರದ ಗೆರೆಯೊಂದು ಸುರುಳಿಯಾಗಿ ಎದ್ದಿತು.

"ಉಪವಾಸಕ್ಕೆ ಹೀಗಾಯ್ತು," ಅಂದರು.

"ಅಷ್ಟೇ ಮತ್ತೆ," ಅಂದೆ.

ದ್ವಾದಶಿ ಬೆಳಗಾಗುತ್ತಲೇ ಪಾರಣೆ. ಅಗಸೆ ಸೊಪ್ಪಿನ ಪಲ್ಯದಲ್ಲಿ ಅನ್ನ ಕಲಸಿ ಉಂಡರು, ಮಾತ್ರೆ ನುಂಗಿದರು, ಅದು ರಕ್ತಕ್ಕೆ ಇಳಿಯಲೆಂದು ಕಣ್ಣು ಮುಚ್ಚಿ ಕೂತರು. ನಾನು ಮೇಜು ಒರೆಸುತ್ತಾ ಒರೆಸುತ್ತಾ, ಇವತ್ತು ಮುಟ್ಟದಿರಲಿ ಎಂದು ಬೇಡಿಕೊಂಡೆ. ಮುಟ್ಟದಿದ್ದರೆ ತಪ್ಪು ಉಪವಾಸದ್ದೇ ಆಗಿ ಉಳಿಯುತ್ತಿತ್ತು. ಆ ಒಂದು ಮಾತನ್ನು ಹಿಡಿದು ನಾವಿಬ್ಬರೂ ಕೆಲವು ತಿಂಗಳು ದೂಡಬಹುದಿತ್ತು.

ಅವರು ಐರನ್ ಕಾಯಿಸಿದರು. ಗೆರೆ ಕೆಡದ ಇನ್ನೊಂದು ಚಿಪ್ಪಿನ ಮೇಲೆ ಬಗ್ಗಿದರು. ತುದಿ ಕಾಲಿನ ಮೇಲೆ ನಿಲ್ಲಲಿಲ್ಲ. ನಿನ್ನೆ ಆಡಿದಷ್ಟೇ ಆಡಿತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರು ಬೋರ್ಡಿಗೆ ತಾಗಿಸಲೂ ಇಲ್ಲ. ಸ್ವಿಚ್ ಆರಿಸಿದರು.

ಅತ್ತೆ ಜಪದ ಮಣೆಯಿಂದ ಎದ್ದು ಬಂದರು. "ಹೊಟ್ಟೆಗೆ ಬಿದ್ದ ಮೇಲೆ ಕೈ ಸರಿಹೋಯ್ತೇನೋ?"

"ಹೂಂ ಅಮ್ಮ. ಸರಿಹೋಯ್ತು."

"ನಾನು ಹೇಳ್ಲಿಲ್ವಾ? ಎಲ್ಲಿ, ಟಿ.ವಿ.ಗೆ ಹಾಕಿ ತೋರ್ಸು. ನಾನೂ ನೋಡ್ತೀನಿ." ಸೆರಗಿನಲ್ಲಿ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತೇಬಿಟ್ಟರು.

ಇವರು ನನ್ನ ಕಡೆ ನೋಡಿದರು. ಸಹಾಯ ಕೇಳುವ ನೋಟ ಅದಲ್ಲ. ನನಗೂ ಗೊತ್ತಾಯಿತೆಂದು ಖಚಿತ ಮಾಡಿಕೊಳ್ಳುವ ನೋಟ.

"ಕರೆಂಟ್ ಇಲ್ಲ ಅತ್ತೆ," ಅಂದೆ.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅತ್ತೆ ಅದನ್ನು ನೋಡಿದರು. ಆಮೇಲೆ ಮೇಜಿನ ಕೆಳಗೆ ಮಗ ಅಡಗಿಸಿಕೊಂಡ ಕೈಗಳ ಕಡೆ ನೋಡಿದರು. ಎದ್ದು ಕುರ್ಚಿಯನ್ನು ಅದರ ಜಾಗಕ್ಕೆ ತಳ್ಳಿದರು.

"ಇರಲಿ. ಬಂದಾಗ ನೋಡಿದ್ರಾಯ್ತು," ಎಂದು ಒಳಗೆ ಹೋದರು.